ಸರ್ಕಾರಕ್ಕೆ ಇಪ್ಪತ್ತು ಚೀಲ ಸೋಯಾ ಮಾರಿದ್ದು

ಸರ್ಕಾರ ಬೆಂಬಲ ಬೆಲೆ ಘೋಷಿಸಿದ ವರ್ಷ ನಮ್ಮ ಕಡೆ ನಗಲಿಕ್ಕೆ ಬೇರೆ ಖರ್ಚಿಲ್ಲ. ಖರೀದಿ ಕೇಂದ್ರಕ್ಕೆ ಹೋಗಿ ಬಂದರೆ ಸಾಕು. ಕಳೆದ ಸುಗ್ಗಿಯಲ್ಲಿ ಅಕ್ಕೋಳದ ನನ್ನ ಹೊಲಕ್ಕೆ ಇಪ್ಪತ್ತು ಚೀಲ ಸೋಯಾ ಬಂತು. ಹಾಲು ಮಾರಿ ನಾನೇ ಕೊಂಡ ಹೊಲ ಅದು. ಪೇಟೆಯ ವ್ಯಾಪಾರಿ ಬೆಂಬಲ ಬೆಲೆಗಿಂತ ಎಷ್ಟೋ ಕಡಿಮೆಗೆ ಕೇಳಿದ. ಮೇಲೆ, "ಶನಿವಾರ ಕೇಂದ್ರ ಬಂದ್ ಆಗತೈತಿ ಅಕ್ಕಾ, ಕಡೀಕ ನನ್ನ ಕಡೇನ ಬರ್ತಿ" ಎಂದ. ಆ ಮಾತಿಗೇ ನನಗೆ ಹಟ ಬಂತು.

೧. ಎಮ್ಮೆಯ ಸಾಕ್ಷಿ

ಮಾರಾಟದ ನೋಂದಣಿಗೆ ಕಚೇರಿಗೆ ಹೋದರೆ ಕಂಪ್ಯೂಟರಿನಲ್ಲಿ ನನ್ನ ಹೊಲದ ಬೆಳೆ ಕಬ್ಬು ಎಂದಿತ್ತು. ಬೆಳೆ ಸಮೀಕ್ಷೆಗೆ ಬಂದವನು ಬಿಸಿಲಿಗೆ ಅಂಜಿ ಪಕ್ಕದವನ ಕಬ್ಬಿನ ನೆರಳಲ್ಲಿ ನಿಂತು ಫೋಟೋ ಹೊಡೆದಿದ್ದ.

"ಸೋಯಾ ನಿಂತಿದ್ದ ಫೋಟೋ ತರ್ರಿ, ತಿದ್ದತೀವಿ" ಎಂದರು ಕಚೇರಿಯವರು.

"ರಾಶಿ ಮಾಡಿದ ಮ್ಯಾಲ ಎಲ್ಲಿಂದ ನಿಂದ್ರಸ್ಲಿರಿ?"

ಆಗ ನೆನಪಾಯಿತು. ಪಕ್ಕದವನ ಎಮ್ಮೆ ನನ್ನ ಸೋಯಾ ಮೇಯುವಾಗ ಜಗಳಕ್ಕೆ ಬೇಕಾಗುತ್ತದೆಂದು ಒಂದು ಫೋಟೋ ತೆಗೆದಿದ್ದೆ. ಬಾಯಿ ತುಂಬ ಸೋಯಾ ಇದ್ದ ಎಮ್ಮೆ, ಹಿಂದೆ ನನ್ನ ಬಾವಿ. ಫೋಟೋ ಪಾಸಾಯಿತು. ಸುದ್ದಿ ಮುಟ್ಟಿದ್ದೇ ಪಕ್ಕದವನು ಓಡಿ ಬಂದ.

"ಬಗಾ ಅಕ್ಕಾ, ನೋಡಿಲ್ಲಿ, ಅವತ್ತ ನನ್ನ ಕಡೆ ದಂಡ ಇಸಗೊಂಡಿ. ಈಗ ಎಮ್ಮೀಗೆ ಸಾಕ್ಷಿ ಭತ್ತೆ ಯಾವಾಗ ಕೊಡ್ತಿ?"

೨. ಹತ್ತನೇ ಬೆರಳು

ಮುಂದೆ ಹೆಬ್ಬೆಟ್ಟು. ಯಂತ್ರದ ಮುಂದೆ ಕೂತವನು ತಲೆ ಎತ್ತದೆ, "ಹೊಲದ ಮಾಲೀಕರನ್ನ ಕರಕೊಂಡ ಬರ್ರಿ" ಎಂದ.

"ಬಂದಾರ."

"ಎಲ್ಲಿ ಅದಾರ?"

"ನಿನ್ನ ಎದುರಿಗೆ. ಕತ್ತ ಎತ್ತು, ಕಾಣತಾರ."

ಅವನು ಎತ್ತಿದ. ಆದರೆ ಹಾಲು ಹಿಂಡಿ, ಕಳೆ ಕಿತ್ತು ಸವೆದ ನನ್ನ ಹೆಬ್ಬೆಟ್ಟಿನಲ್ಲಿ ಗೆರೆಯೇ ಇರಲಿಲ್ಲ. ತೊಳೆದೆ, ಎಣ್ಣೆ ಹಚ್ಚಿದೆ, ಸೀರೆಗೆ ಒರೆಸಿದೆ. ಒಂದೊಂದಾಗಿ ಒಂಬತ್ತು ಬೆರಳು ಫೇಲಾದವು. ಕಡೆಗೆ ಎಡಗೈ ಕಿರುಬೆರಳಿಗೆ ಹಸಿರು ದೀಪ ಹತ್ತಿತು. ನನ್ನ ಇಡೀ ಮೈಯಲ್ಲಿ ಕೆಲಸ ಮಾಡದೆ ಕೂತು ತಿಂದದ್ದು ಅದೊಂದೇ. ಸರ್ಕಾರ ಗುರುತು ಹಿಡಿದದ್ದೂ ಅದನ್ನೇ.

೩. ಸಾಹೇಬರ ಪಾದ

ಶನಿವಾರ ಬೆಳಿಗ್ಗೆ ಟ್ರ್ಯಾಕ್ಟರ್ ತುಂಬಿಕೊಂಡು ಕೇಂದ್ರಕ್ಕೆ ಹೋದೆ. ಕಾಳಿನ ತೇವ ನೂರಕ್ಕೆ ಹನ್ನೆರಡರ ಮೇಲಿದ್ದರೆ ತೆಗೆದುಕೊಳ್ಳುವುದಿಲ್ಲ. ನನ್ನದು ಹದಿಮೂರು ತೋರಿಸಿತು.

"ಒಣಗಿಸಿ ತರ್ರಿ" ಎಂದ ತೇವ ಅಳೆಯುವವನು.

"ನಾಳೆ ನೀ ಇರ್ತಿ?"

"ಇಲ್ಲರಿ. ಇವತ್ತ ಐದಕ್ಕ ಬಂದ್."

ಗೊಬ್ಬರದ ಚೀಲದ ಮೇಲಿನ ಅಕ್ಷರ ಕೂಡಿಸಿ ಓದು ಕಲಿತವಳು ನಾನು. ಗೋಡೆಗೆ ಅಂಟಿಸಿದ್ದನ್ನೂ ಬಿಡುವುದಿಲ್ಲ. 'ಹಸಿ ಮಾಲನ್ನು ಒಣಗಿಸತಕ್ಕದ್ದು' ಎಂದಿತ್ತು. ಎಲ್ಲಿ ಎಂದಿರಲಿಲ್ಲ. ಕೇಂದ್ರದ ಸಿಮೆಂಟ್ ಅಂಗಳದಲ್ಲೇ ಇಪ್ಪತ್ತೂ ಚೀಲ ಸುರುವಿದೆ. ನನ್ನನ್ನು ನೋಡಿ, ಭೋಜ ಊರಿನಿಂದ ಹಸಿ ಮಾಲು ತಂದಿದ್ದ ನಾಲ್ಕು ಮಂದಿಯೂ ನಡುವೆ ಗೇಣು ಗಡಿ ಬಿಟ್ಟು ಸುರುವಿದರು. ಗೇಟಿನಿಂದ ಬಾಗಿಲವರೆಗೆ ಸೋಯಾ.

ಕಾಳು ಬೇಗ ಒಣಗಬೇಕಾದರೆ ಬರಿಗಾಲು ಎಳೆಯುತ್ತ ಅದರೊಳಗೆ ಅಡ್ಡಾಡಬೇಕು; ಕೆಳಗಿನದು ಮೇಲೆ ಬರುತ್ತದೆ. ಐದೂ ಮಂದಿ ಎಳೆದೆಳೆದು ಸೋತು ನೆರಳಿಗೆ ಕೂತಿದ್ದೆವು. ಮೂರಕ್ಕೆ ತಪಾಸಣೆಗೆಂದು ದೊಡ್ಡ ಸಾಹೇಬರ ಜೀಪು ಬಂದು ಗೇಟಿನಲ್ಲೇ ನಿಂತಿತು.

"ಒಳಗ ಹೆಂಗ ಹೋಗೂದು?"

"ನಡಕೋಂತ ಹೋಗ್ರಿ ಸಾಹೇಬ್ರ. ಬೂಟ್ ಬಿಚ್ಚರಿ. ಕಾಲ ಎತ್ತಿ ಇಡಬ್ಯಾಡ್ರಿ, ಕಾಳು ಜಾರತಾವು. ಎಳಕೋಂತ ಹೋಗ್ರಿ" ಎಂದೆ.

ಸಾಹೇಬರು ಪ್ಯಾಂಟು ಮಡಚಿ, ಬೂಟು ಕೈಯಲ್ಲಿ ಹಿಡಿದು ಎಳೆಯುತ್ತ ಹೋದರು. ಹಿಂದೆ ಕಾರಕೂನ, ಅವನ ಹಿಂದೆ ಡ್ರೈವರ್. ಫೈಲು ಜೀಪಿನಲ್ಲೇ ಉಳಿದಿತ್ತು. ಅದನ್ನು ತರಲು ಮೂವರೂ ಎಳೆಯುತ್ತ ಬಂದರು, ಎಳೆಯುತ್ತ ಹೋದರು. ನಾಲ್ಕೂವರೆಗೆ ಅಳೆದರೆ ನನ್ನದು ಹನ್ನೆರಡು, ಪಾಸ್. ಭೋಜದ ಮೂವರದೂ ಪಾಸ್. ಮೂಲೆಯಲ್ಲಿದ್ದ ಮುದುಕನದು ಮಾತ್ರ ಹನ್ನೆರಡೂವರೆ. ಅವನು ನನ್ನ ಮುಖ ನೋಡಿದ.

ಒಳಗೆ ಹೋದೆ. ಸಾಹೇಬರು ಸಹಿ ಮುಗಿಸಿ ಕುರ್ಚಿಯಲ್ಲಿ ಬಗ್ಗಿ ಕಾಲುಚೀಲ ಹುಡುಕುತ್ತಿದ್ದರು.

"ಈಗ ಬೂಟ್ ಹಾಕ್ಕೋಬ್ಯಾಡ್ರಿ ಸಾಹೇಬ್ರ" ಎಂದೆ. "ಆ ಮೂಲ್ಯಾಗ ಇನ್ನೊಂದ ನಾಕ ಸುತ್ತ ಹೊಡದ್ರಂದ್ರ ನಿಮ್ಮ ಇವತ್ತಿನ ಕೆಲಸ ಮುಗೀತೈತಿ."