ಮಂಗಳನ ಸೊನ್ನೆ ಮತ್ತು ಮೊದಲ ಪತ್ರಿಕೆ

ನಿಮ್ಮ ಮನೆಯಲ್ಲಿ ಯಾರಾದರೂ ಚಟ್ನಿಗೆ ಅಂತ ಇಟ್ಟ ತೆಂಗಿನಕಾಯಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಇದ್ನ ಒಡೀಬ್ಯಾಡಿ, ಇದು ಬುಧಗ್ರಹ" ಅಂದಿದ್ದಾರಾ? ಇಲ್ಲ ತಾನೆ? ನೀವು ಪುಣ್ಯವಂತರು. ನಮ್ಮ ಸೋದರಮಾವ ಅಂದಿದ್ದಾರೆ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿರುವ ಈ ಮಹಾನುಭಾವರಿಗೆ ಹಾಸನದ ನಮ್ಮ ಮನೆಯ ದಾರಿ ಇವತ್ತಿಗೂ ಗೊತ್ತಿಲ್ಲ. ಪ್ರತಿ ಸಲವೂ ಹಿಂದಿನ ಬೀದಿಯಲ್ಲಿ ನಿಂತು ಫೋನ್ ಮಾಡುತ್ತಾರೆ. ಆದರೆ ಬುಧನ ಮೇಲೆ ಅಳತೆ ಎಲ್ಲಿಂದ ಶುರು ಅಂತ ಕೇಳಿ ನೋಡಿ, ನಿದ್ದೆಯಲ್ಲೂ ಹೇಳುತ್ತಾರೆ!

ಮಂಡಿಯಲ್ಲಿ ವ್ಯಾಪಾರ ಇಲ್ಲದ ಮಧ್ಯಾಹ್ನಗಳಲ್ಲಿ ಮೊಬೈಲ್ ನೋಡಿ ನೋಡಿ ಹತ್ತಿಸಿಕೊಂಡ ಹುಚ್ಚು ಇದು. ಕಾಯಿಗೆ ಕಣ್ಣಿದೆ, ಹಾಗಾಗಿ ಮೇಲೆ ಯಾವುದು ಕೆಳಗೆ ಯಾವುದು ಅಂತ ಗೊತ್ತಾಗುತ್ತದೆ. ಆದರೆ ಸುತ್ತಲೂ ಅಳೆಯುವಾಗ ಎಲ್ಲಿಂದ ಶುರು ಮಾಡಬೇಕು? ಭೂಮಿಗಾದರೆ ಗ್ರೀನಿಚ್ ಗೆರೆ ಇದೆ, ಅದೇ ಸೊನ್ನೆ. ಮಿಕ್ಕ ಗ್ರಹಗಳಿಗೆ? ಈ ಪ್ರಶ್ನೆ ನಿಮಗೆ ಯಾವತ್ತಾದರೂ ಬಂದಿದೆಯೇ? ನನಗಂತೂ ಬಂದಿರಲಿಲ್ಲ, ನೆಮ್ಮದಿಯಾಗಿದ್ದೆ.

"ಬುಧನ ಫೋಟೋ ತಗೀವಾಗ ಸೊನ್ನೆ ಇರ್ಬೇಕಾದ ಜಾಗ ಕತ್ತಲಲ್ಲಿತ್ತು ಕಣ್ಲಾ. ಏನ್ ಮಾಡಿದ್ರು ಏಳು?"

"ಟಾರ್ಚ್ ಬಿಟ್ರಾ ಮಾವ?"

"ಥೂ ನಿನ್ನ! ಬೆಳಕಲ್ಲಿ ಕಾಣೋ ಒಂದು ಸಣ್ಣ ಗುಂಡಿ ಇಡ್ಕಂಡು, ನೀನೇ ಇಪ್ಪತ್ತನೇ ಗೆರೆ ಅಂದ್ಬುಟ್ರು. ಅಲ್ಲಿಂದ ಇಂದಕ್ಕೆ ಎಣಿಸ್ಕಂಡು ಓದ್ರೆ ಸೊನ್ನೆ!"

ಅಷ್ಟರಲ್ಲಿ ಅಡುಗೆಮನೆಯಿಂದ ಠಪ್ ಅಂತ ಸದ್ದು. ನನ್ನ ಹೆಂಡತಿ ಬುಧನನ್ನು ಒಡೆದಿದ್ದಳು. ಮಾವ ಎದೆ ಹಿಡಿದುಕೊಂಡು ಓಡಿದರು: "ಅಯ್ಯೋ ತಾಯಿ, ಇಪ್ಪತ್ತನೇ ಗೆರೆ ಮ್ಯಾಲೇ ಒಡ್ದಿದ್ದೀಯಲ್ಲಾ!" ಅಷ್ಟು ಗೋಳಾಡಿದವರು ಇಡ್ಲಿ ಬಡಿಸಿದಾಗ ಚಟ್ನಿಯನ್ನು ಎರಡೆರಡು ಸಲ ಹಾಕಿಸಿಕೊಂಡರು ಅನ್ನುವುದು ಬೇರೆ ವಿಷಯ!

ಇನ್ನೊಂದು ದಿನ ಅವಳು ಮುದ್ದೆ ತಿರುವುತ್ತಿದ್ದಾಗ ಕೋಲಿಗೇ ಕೈ ಹಾಕಿದರು. "ನೋಡವ್ವ, ಗುರುಗ್ರಹಕ್ಕೆ ನೆಲವೇ ಇಲ್ಲ. ಬರೀ ಮೋಡ. ನಡುವಿನ ಮೋಡ ಬಿರಬಿರನೆ ಸುತ್ತುತದೆ, ಮ್ಯಾಲಿಂದು ಕೆಳಗಿಂದು ವಸಿ ನಿಧಾನ. ಇಂಗಾದ್ರೆ ಎಲ್ಲಿಗೆ ಗುರ್ತು ಮಾಡೋದು?"

"ನಿಮ್ಮ ಕೈಗೆ ಮಾಡ್ತೀನಿ, ಕೋಲು ಬಿಡಿ ಮಾವ! ಗಂಟಾಯ್ತದೆ!"

ಗಂಟೇ ಆಯಿತು. ನುಂಗುತ್ತಾ ಕೇಳಿದೆ, ಮತ್ತೆ ಗುರುವಿನ ದಿನ ಇಷ್ಟು ಹೊತ್ತು ಅಂತ ಹೇಗೆ ಗೊತ್ತಾಗುತ್ತದೆ ಅಂತ. ಒಳಗಿರುವ ಅಯಸ್ಕಾಂತ ಸುತ್ತುವುದನ್ನು ರೇಡಿಯೊ ಹಿಡಿದು ಕೇಳುತ್ತಾರಂತೆ. ಮೇಲಿನ ಮೋಡ ನೋಡಿ ಒಳಗಿನ ಸುತ್ತು ಹೇಳಲಾಗದು. ಅಂಥ ಮನುಷ್ಯರು ನಮ್ಮ ಸುತ್ತಲೂ ಇಲ್ಲವೇ?

ಅಷ್ಟರಲ್ಲಿ ನನ್ನ ಮಗಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಅಚ್ಚಾಗಿ ಬಂತು, ಜಗಳವೂ ಜೊತೆಗೇ ಬಂತು! ನಮ್ಮಲ್ಲಿ ದೇವರ ಮುಂದೆ ಇಟ್ಟ ಮೇಲೆ ಮೊದಲ ಪತ್ರಿಕೆ ಮೂಲಮನೆಗೆ ಹೋಗಬೇಕು. ಅಪ್ಪ ಇರುವವರೆಗೂ ಅಪ್ಪ ಇದ್ದದ್ದೇ ಮೂಲಮನೆ. ಈಗ? ಹಳ್ಳಿಮೈಸೂರಿನ ದೊಡ್ಡಣ್ಣ, "ಇರಿಯೋನು ನಾನು ಕಣ್ಲಾ" ಅಂದ. ಹೊಳೆನರಸೀಪುರದ ಚಿಕ್ಕಣ್ಣ, "ಮನೆದೇವ್ರ ಪೆಟ್ಟಿಗೆ ನನ್ನ ಮನೇಲಿ ಅದೆ" ಅಂದ. ಒಬ್ಬನಿಗೆ ಮೊದಲು ಕೊಟ್ಟರೆ ಇನ್ನೊಬ್ಬ ಮದುವೆಗೆ ಬರುವುದಿಲ್ಲ. ಇಬ್ಬರೂ ಮಾತು ತಪ್ಪುವವರಲ್ಲ, ಅದೇ ಕಷ್ಟ! "ದೊಡ್ಡಪ್ಪಂದಿರಿಲ್ದೆ ನಾನು ಧಾರೆಗೆ ಕೂರಲ್ಲ" ಅಂತ ಮಗಳು ಅಳತೊಡಗಿದಳು.

ಮಾವ ಕಾಯಿ ಮೂಟೆ ಇಳಿಸಲು ಬಂದವರು ಎಲ್ಲ ಕೇಳಿಸಿಕೊಂಡು ಹೇಳಿದರು, "ಇದ್ಕೆ ಮಂಗಳಾನೇ ದಾರಿ."

ಹೆಂಡತಿ ಗಾಬರಿಯಾದಳು. "ಅಯ್ಯೋ, ಜಾತಕ ನೋಡ್ಸಾಯ್ತಲ್ಲ ಮಾವ! ಕುಜದೋಷ ಇಲ್ಲ ಅಂದ್ರಲ್ಲ!"

"ದೋಷ ಅಲ್ಲವ್ವ, ಸೊನ್ನೆ! ಮಂಗಳನಲ್ಲಿ ಹಿಮಾಲಯಾನೇ ನಾಚ್ಕಳೋ ಅಂಥ ಬೆಟ್ಟ ಅದೆ. ಅದ್ಕೆ ಕೊಟ್ರಾ ಸೊನ್ನೇನ? ಇಲ್ಲ. ದೊಡ್ಡ ಗುಂಡಿಯೊಳಗೆ ಒಂದು ಚಿಕ್ಕ ಗುಂಡಿ ಅದೆ, ಯಾರ ಕಣ್ಣಿಗೂ ಬೀಳದೇ ಇರೋದು, ಅದ್ರ ನಡೂಕೆ ಕೊಟ್ರು. ದೊಡ್ಡದ್ರ ಮ್ಯಾಲೆ ಗೆರೆ ಎಳುದ್ರೆ ಈ ಪಕ್ಕಾನೋ ಆ ಪಕ್ಕಾನೋ ಅಂತ ಜಗಳ. ಚಿಕ್ಕದಾದ್ರೆ ಗೆರೆ ಅಳ್ಳಾಡಕಿಲ್ಲ. ಸೊನ್ನೆ ಎಲ್ಲೂ ಬಿದ್ದಿರಕಿಲ್ಲ ಕಣ್ಲಾ, ನಾವೇ ಕೂತ್ಕಂಡು ಒಪ್ಕಬೇಕು."

"ನಮ್ಮ ಮನೇಲಿ ಆ ಚಿಕ್ಕ ಗುಂಡಿ ಯಾವ್ದು ಮಾವ?"

"ಅರಕಲಗೂಡು."

ಅರಕಲಗೂಡಿನಲ್ಲಿರುವುದು ನಮ್ಮಪ್ಪನ ತಂಗಿ, ನನ್ನ ಅತ್ತೆ. ಗಂಡ ತೀರಿಕೊಂಡು ಎಷ್ಟೋ ವರ್ಷವಾಯಿತು, ಮಕ್ಕಳಿಲ್ಲ. ನಮ್ಮ ವಂಶದ ಯಾವ ಮದುವೆಯಾದರೂ ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲೇ. ಸಕ್ಕರೆ, ತುಪ್ಪ, ಎಲೆಯಡಿಕೆ ಎಲ್ಲಕ್ಕೂ ಅತ್ತೆ ಬೇಕು. ಆದರೆ ಪತ್ರಿಕೆ? "ಅತ್ತೆ, ಮದ್ವೆ ಐತೆ, ಎರಡು ದಿನ ಮುಂಚೆ ಬಂದ್ಬುಡಿ" ಅಂತ ಒಂದು ಫೋನು. ಅಷ್ಟೇ.

ಮಾವನನ್ನೂ ಕರೆದುಕೊಂಡು ಹೋದೆವು. ಪತ್ರಿಕೆ, ಕುಂಕುಮ ಇಟ್ಟ ತಟ್ಟೆ ನೋಡಿದ ಕೂಡಲೇ ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. "ಯಾರ ಮನೆಗೆ ಕೊಟ್ಟು ಬಂದ್ರಪ್ಪ?"

"ಇದೇ ಮೊದ್ಲು ಅತ್ತೆ."

"ಬ್ಯಾಡ ಕಣೋ! ಶುಭದ ಪತ್ರಿಕೆ ಮೊದ್ಲು ನನ್ನಂಥೋಳ ಕೈಗೆ ಕೊಡ್ತಾರಾ? ಓಗು, ಅಣ್ಣಂದಿರಿಗೆ ಕೊಟ್ಟು ಬಾ."

ಮಾವ ಏನೋ ಗ್ರಹಗತಿ ಶುರು ಮಾಡುವುದರಲ್ಲಿದ್ದರು. ಅಷ್ಟರಲ್ಲಿ ನನ್ನ ಹೆಂಡತಿ ಅತ್ತೆಯ ಮುಂಗೈ ಹಿಡಿದು ಚಾಪೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮ ಇಟ್ಟೇ ಬಿಟ್ಟಳು. ಬುಧನನ್ನು ಒಡೆದವಳು!

ಅತ್ತೆ ತಟ್ಟೆಯಿಂದ ಪತ್ರಿಕೆ ಎತ್ತಿಕೊಂಡರು. ಆಮೇಲೆ ನನ್ನ ಫೋನ್ ಕಿತ್ತುಕೊಂಡು ದೊಡ್ಡಣ್ಣನಿಗೆ ಕರೆ ಮಾಡಿದರು. "ಲೇ, ಪತ್ರಿಕೆ ಬಂತು ಕಣ್ಲಾ. ಮೊದ್ಲು ನಂಗೆ ಕೊಟ್ಟವ್ರೆ. ನಿಂಗೆ ನಾಳೆ ಬತ್ತದೆ. ಏನಾರ ತಕರಾರು ಐತಾ?"

ಸ್ಪೀಕರಿನಲ್ಲಿ ದೊಡ್ಡಣ್ಣ ಗಂಟಲು ಸರಿಮಾಡಿಕೊಂಡ. "ಇಲ್ಲ ಅತ್ತೆ. ಮದ್ವೆಗೆ ನಿಮ್ಮನ್ನ ಕರ್ಕಂಡೋಗಕ್ಕೆ ನಾನೇ ಬತ್ತೀನಿ." ಚಿಕ್ಕಣ್ಣನಿಗೆ ಫೋನ್ ಮಾಡಿದರೆ, ಅವನೂ ತಾನೇ ಕಾರು ತರುತ್ತೇನೆ ಅಂದ. ಯಾರ ಕಾರು ಅಂತ ಇನ್ನೊಂದು ಜಗಳ!

ಹೊರಡುವಾಗ ಅತ್ತೆ ಪತ್ರಿಕೆಯನ್ನು ಸೆರಗಿನಿಂದ ಒರೆಸುತ್ತಿದ್ದರು, ಧೂಳೇನೂ ಇರಲಿಲ್ಲ.

"ಎಲ್ಲಾರ ಮದ್ವೆಗೂ ಓಗಿದೀನಿ ಕಣಪ್ಪ. ಕರೆಸ್ಕಂಡು ಓಯ್ತಿರೋದು ಇದೇ ಮೊದ್ಲು."

ನಿಮ್ಮ ಮನೆಯ ಮೊದಲ ಪತ್ರಿಕೆ ಯಾರ ಬಾಗಿಲಿಗೆ ಹೋಗಿತ್ತು? ಯಾರ ಬಾಗಿಲಿಗೆ ಹೋಗಬೇಕಿತ್ತು? ಕೆಳಗೆ ಬರೆಯಿರಿ. ಒಂದೊಂದನ್ನೂ ಓದುತ್ತೇನೆ, ಮಾವನಿಗೂ ಓದಿ ಹೇಳುತ್ತೇನೆ.