ಅರವತ್ತೊಂದು ಹೆಬ್ಬಾತು

ರಗಳೆಗೆಲ್ಲ ಮೂಲ ಒಂದು ಪ್ರಶ್ನೆ ಚಿಹ್ನೆ.

ಹೋದ ಜನವರಿಯ ಪಕ್ಷಿಗಣತಿಯಲ್ಲಿ ರುಬೀನಾ ಬುಕ್ಕಾಂಬುಧಿ ಕೆರೆಯ ಅಂಚಿನಲ್ಲಿ ನಲವತ್ತೆಂಟು ಪಟ್ಟೆತಲೆ ಹೆಬ್ಬಾತುಗಳನ್ನು ಎಣಿಸಿ ಕಳಿಸಿದ್ದಳು. ಹಿಮಾಲಯ ದಾಟಿ ಚಳಿಗಾಲಕ್ಕೆ ಬರುವ ಹಕ್ಕಿಗಳು. ಬಿಳಿ ತಲೆಗೆ ಎರಡು ಕಪ್ಪು ಗೀಟು. ಜಿಲ್ಲೆಯ ಪಕ್ಷಿಬಳಗ ನಡೆಸುವ ಬೃಂದಾ ಮೇಡಂ, ಫೋಟೋ ಇಲ್ಲವೆಂದು ಆ ಸಂಖ್ಯೆಯ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿ ಪಟ್ಟಿ ಹೊರಡಿಸಿದರು. ಅಜ್ಜಂಪುರದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಗಣಿತ ಹೇಳಿಕೊಡುವವಳಿಗೆ ಎಣಿಸಲು ಬರುತ್ತದೋ ಇಲ್ಲವೋ ಎಂಬ ಅನುಮಾನ. ಆ ಚಿಹ್ನೆ ಇಡೀ ವರ್ಷ ಗಾಳದ ಕೊಕ್ಕೆಯ ಹಾಗೆ ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಈ ಸಲದ ಗಣತಿಯ ಭಾನುವಾರ ಅದನ್ನು ಕಿತ್ತೇ ತೀರುವುದೆಂದು ತಮ್ಮನ ಕ್ಯಾಮೆರಾ, ದುರ್ಬೀನು, ನೋಟ್‌ಬುಕ್ಕು ಹೊತ್ತು ಬೆಳಿಗ್ಗೆ ಆರೂವರೆಗೇ ಕೆರೆಯಂಚಿನ ಕಡಲೆ ಹೊಲದ ಬದುವಿನ ಮೇಲೆ ನಿಂತಳು. ಹೆಬ್ಬಾತುಗಳು ಮದುವೆಮನೆಯ ಮೊದಲ ಪಂಕ್ತಿಯವರಂತೆ, ಅಕ್ಕಪಕ್ಕ ನೋಡದೆ ಕಡಲೆಸೊಪ್ಪು ಮೇಯುತ್ತಿದ್ದವು. ಎಡದಿಂದ ಎಣಿಸಿದಳು: ಅರವತ್ತೊಂದು. ಬಲದಿಂದ ಎಣಿಸಿದಳು: ಅರವತ್ತೊಂದು. ಬರೆದುಕೊಂಡು ಕ್ಯಾಮೆರಾ ಎತ್ತಿದರೆ, ಅದರೊಳಗೆ ಹಕ್ಕಿಗಳಿಗೆ ಅಡ್ಡಲಾಗಿ ಒಬ್ಬ ಮುದುಕಿ. ತಲೆಮೇಲೆ ಸೆರಗು, ಎದೆಯ ಮೇಲೆ ಆಧಾರ್ ಕಾರ್ಡು.

ಹೊಲದ ಒಡತಿ ಹಾಲಮ್ಮ. ಆ ಊರ ಕಡೆ, ಬದುವಿನ ಮೇಲೆ ನಿಂತು ಯಾರು ಫೋಟೋ ತೆಗೆದರೂ ಅದು ಬೆಳೆ ಸಮೀಕ್ಷೆಯೇ. ಫೋಟೋದಲ್ಲಿ ಹೊಲದ ಜೊತೆ ಹೊಲದವರೂ ಬೀಳದಿದ್ದರೆ ಪರಿಹಾರದ ಪಟ್ಟಿಯಲ್ಲಿ ಹೆಸರು ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತು.

"ನಾನು ಸರ್ಕಾರದವಳಲ್ಲಮ್ಮ. ಹಕ್ಕಿ ಎಣಿಸೋಕೆ ಬಂದಿದ್ದೀನಿ, ಅಷ್ಟೆ," ಎಂದಳು ರುಬೀನಾ.

"ನಾನೂ ಅದ್ನೇ ಹೇಳ್ತಿರೋದು ಕಣವ್ವಾ. ಹೊಲ ಬೋಳು ಮಾಡ್ಬಿಟ್ಟವೆ. ಸರ್ಯಾಗ್ ಎಣಿಸ್ಕೋ. ಎಷ್ಟಾಯ್ತು?"

"ಅರವತ್ತೊಂದು."

ಹಾಲಮ್ಮ, ತೂಕದಲ್ಲಿ ಮೋಸ ಮಾಡಿದ ಅಂಗಡಿಯವನನ್ನು ನೋಡುವ ಹಾಗೆ ನೋಡಿದಳು. "ಇಷ್ಟೇಯಾ?"

ಎಂಟು ಗಂಟೆಯ ಹೊತ್ತಿಗೆ ಸುದ್ದಿ ಊರು ಸುತ್ತಿ ಬಂದಿತ್ತು. ಪಹಣಿ ಹಿಡಿದವರು, ಆಧಾರ್ ಹಿಡಿದವರು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡಿಬಂದವರು ಬದುವಿನುದ್ದಕ್ಕೂ ಸಾಲು ನಿಂತರು. ಪಂಚಾಯಿತಿಯ ಮಾಜಿ ಸದಸ್ಯ ರೇವಣಪ್ಪ ಸಾಲು ಸರಿಮಾಡಿ, ಮೇಡಮ್ಮನವರಿಗೆ ಟೀ ತರಿಸಿದ. ರುಬೀನಾ ಕ್ಯಾಮೆರಾವನ್ನು ಎತ್ತ ತಿರುಗಿಸಿದರೂ ಅತ್ತ ಒಬ್ಬರು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ಗದ್ದಲಕ್ಕೆ ಬೇಸತ್ತ ಹಕ್ಕಿಗಳು ಎದ್ದು ಕೆರೆಯ ನಡುನೀರಿಗೆ ಹೋಗಿ ಕೂತವು. ಎದ್ದ ಕ್ಷಣದಲ್ಲಿ ಅವಳಿಗೆ ಒಂದೇ ಒಂದು ಒಳ್ಳೆಯ ಫೋಟೋ ಸಿಕ್ಕಿತು. ಅರವತ್ತೊಂದೂ ಇದ್ದವು. ಮೂಲೆಯಲ್ಲಿ ಹಾಲಮ್ಮನ ಕಾರ್ಡೂ ಇತ್ತು.

ರೇವಣಪ್ಪ ದನಿ ತಗ್ಗಿಸಿದ. "ನಾನೂರು ಅಂತ ಬರ್ಕೊಂಬಿಡಿ ಮೇಡಂ. ರಾತ್ರಿ ಬಂದು ಹೋದೋವು, ಹೋದ ವಾರ ಬಂದೋವು, ಎಲ್ಲಾ ಸೇರ್ಸಿದ್ರೆ ಅಷ್ಟಾಯ್ತದೆ."

"ಹಾಜರಿ ಹಾಕೋದು ಎದುರಿಗೆ ಇದ್ದೋರಿಗೆ ಮಾತ್ರ," ಎಂದಳು ರುಬೀನಾ. "ಒಂದು ಹಕ್ಕಿ ಜಾಸ್ತಿ ಬರೆಯಲ್ಲ, ಒಂದು ಕಮ್ಮಿ ಬರೆಯಲ್ಲ."

ಯಾರ ಕಡೆಯವಳು ಇವಳು ಎಂದು ಒಬ್ಬರು ಗೊಣಗಿದರು. ಟೀ ಲೋಟ ವಾಪಸು ಹೋಯಿತು. "ನೀವೊಬ್ರೇ ಎಣಿಸಿದ್ದನ್ನ ನಾವು ಹೆಂಗ್ ಒಪ್ಪೋದು?" ಎಂದ ರೇವಣಪ್ಪ.

ಒಳಗಿದ್ದ ಕೊಕ್ಕೆ ಎಳೆಯಿತು. "ಒಪ್ಪಬೇಡಿ. ನೀವೇ ಎಣಿಸಿ ಕಳಿಸಿ. ಗಣತಿ ಯಾರಪ್ಪನ ಮನೆದೂ ಅಲ್ಲ, ಯಾರು ಬೇಕಾದ್ರೂ ಕಳಿಸಬಹುದು," ಎಂದವಳೇ ಎಲ್ಲರೆದುರು ಗಣತಿಯ ಲಿಂಕನ್ನು ಅವನ ಮೊಬೈಲಿಗೆ ಕಳಿಸಿದಳು.

ಅವನು ಅದನ್ನು ಊರಿನ ವಾಟ್ಸಾಪ್ ಗ್ರೂಪಿಗೆ ದಾಟಿಸಿದ್ದೇ, ಅಷ್ಟೂ ಜನ ಥಟ್ಟನೆ ಸುಮ್ಮನಾಗಿ ಮೊಬೈಲು ನೋಡತೊಡಗಿದರು. ಸತ್ಯದ ಮುಂದೆ ಬಾಯಿ ಕಟ್ಟಿತು ಎಂದುಕೊಂಡ ರುಬೀನಾ, ತನ್ನ ಸಂಖ್ಯೆಯನ್ನೂ ಫೋಟೋವನ್ನೂ ಅಲ್ಲೇ ಕಳಿಸಿ, ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಅಜ್ಜಂಪುರದವರೆಗೆ ತಲೆಯೆತ್ತಿಕೊಂಡೇ ನಿಂತು ಬಂದಳು.

ಸಂಜೆ ಬೃಂದಾ ಮೇಡಂ ಫೋನು. ಅವರ ದನಿಯಲ್ಲಿ ಇಂಥ ಸಂಭ್ರಮವನ್ನು ರುಬೀನಾ ಕೇಳಿಯೇ ಇರಲಿಲ್ಲ. ಒಂದೇ ಊರಿನಿಂದ ಮೂವತ್ನಾಲ್ಕು ವರದಿ ಬಂದಿದೆಯಂತೆ, ಪ್ರತಿಯೊಂದೂ ಫೋಟೋ ಸಮೇತ. ಹಳ್ಳಿಯ ಜನರಲ್ಲಿ ಇಂಥ ಪಕ್ಷಿಪ್ರೇಮ ಹುಟ್ಟಿಸಿದ್ದು ನೀವೇ ಅಂತೆ.

"ಎಲ್ಲರದ್ದೂ ಕರೆಕ್ಟಾಗಿ ನಾನೂರು, ರುಬೀನಾ. ನಾನು ಇಷ್ಟು ವರ್ಷದಲ್ಲಿ ಇಂಥ ಹೊಂದಾಣಿಕೆ ನೋಡಿಲ್ಲ."

"ಫೋಟೋದಲ್ಲಿ ಹಕ್ಕಿ ಎಣಿಸಿದ್ರಾ ಮೇಡಂ?"

"ಅದೆಲ್ಲ ದೂರದಲ್ಲಿ ಚುಕ್ಕಿ ಚುಕ್ಕಿ. ಮುಂದೆ ಜನ ಇದ್ದಾರಲ್ಲ."

"ನಾನು ಅರವತ್ತೊಂದು ಕಳಿಸಿದ್ದೆ."

"ನೋಡಿದೆ. ಮಿಕ್ಕಿದ್ದು ನಿಮ್ಮ ಫೋಟೋಗೆ ಸಿಕ್ಕಿಲ್ಲ ಅನ್ಸುತ್ತೆ. ಬೇಜಾರು ಮಾಡ್ಕೋಬೇಡಿ, ತೆಗೆದುಹಾಕಿಲ್ಲ. ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದೀನಿ, ಅಷ್ಟೆ. ಅಂದ ಹಾಗೆ, ಎಲ್ಲರೂ ಯಾಕೆ ಆಧಾರ್ ಹಿಡ್ಕೊಂಡಿದ್ದಾರೆ?"

"ಎಣಿಸಿದೋರು ನಿಜವಾಗ್ಲೂ ಇದ್ದಾರೆ ಅನ್ನೋದಕ್ಕೆ," ಎಂದು ರುಬೀನಾ ಫೋನಿಟ್ಟಳು.

ಆಮೇಲೆ ನೋಟ್‌ಬುಕ್ಕು ತೆರೆದು, ಅರವತ್ತೊಂದರ ಪಕ್ಕ ಒಂದು ಪೂರ್ಣವಿರಾಮ ಇಟ್ಟಳು. ಹಾಳೆ ತೂತಾಯಿತು.