ಭಾವನ ಪರವಾಗಿ ಮೂರು ರೌಂಡ್

ನಗಬಾರದ ಜಾಗದಲ್ಲೇ ನಗು ಬರುವ ಕಾಯಿಲೆ ನಮ್ಮ ಮನೆಯವರಿಗೆಲ್ಲ ಉಂಟು. ಭಾವ ತೀರಿಕೊಂಡ ಮೇಲೆ, ಅವರ ಉತ್ತರಕ್ರಿಯೆಯ ಬೊಜ್ಜದ ಊಟದ ದಿನ, ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು, ನಾನು ಟವೆಲ್ ಒತ್ತಿಕೊಂಡು ಅಡುಗೆಯವರ ಹಿಂದೆ ನಿಂತು ನಕ್ಕಿದ್ದೆವು. ಅಳುತ್ತಿದ್ದೇವೆ ಎಂದುಕೊಂಡು ನೆಂಟರು ಬಂದು ಬೆನ್ನು ಸವರಿದರು. ಆ ನಗುವಿಗೆ ಕಾರಣ ಬಾಕ್ಸಿಂಗ್.

ಭಾವ ದುಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದವರು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಊರಿಗೆ ಬಂದರು. ವಾರಕ್ಕೆ ಮೂರು ಸಲ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬಿಜೈಯ ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುವ ನಾನು ಅರ್ಧ ದಿನ ರಜೆ ಹಾಕಿ ಅವರನ್ನು ಕರೆದುಕೊಂಡು ಹೋಗುತ್ತಿದ್ದೆ. ಹೀಗೆ ಮೂರನೇ ವರ್ಷ ನಡೆಯುವಾಗ ವಾರ್ಡಿನ ಒಂದು ಯಂತ್ರ ಕೆಟ್ಟಿತು. ರೋಗಿಗಳ ಪಾಳಿ ಹಿಂದೆ ಮುಂದೆ ಆಗತೊಡಗಿತು. ಪಾಳಿ ತಪ್ಪಿದವರ ಮುಖ ಸಂಜೆಯೊಳಗೆ ಊದುತ್ತಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಹೊಸ ಯಂತ್ರ ತರಲಿಕ್ಕೆಂದು ಒಂದು ಯುವಕ ಸಂಘದವರು ಬಾಕ್ಸಿಂಗ್ ಪಂದ್ಯ ಇಟ್ಟರು. ಹೊಡೆದಾಡುವವರು ನಮ್ಮ ನಿಮ್ಮಂಥವರೇ ಆಗಬೇಕು, ಪರಿಚಯದವರು ಟಿಕೆಟ್ ತೆಗೆದುಕೊಂಡು ನೋಡಬೇಕು, ಅಷ್ಟೇ ನಿಯಮ.

ಹೆಸರು ಕೊಟ್ಟದ್ದು

ಸಂಘದ ಅಧ್ಯಕ್ಷರು ಜನ ಹುಡುಕಿಕೊಂಡು ವಾರ್ಡಿಗೇ ಬಂದರು. ನಾನು ಕೆಳಗೆ ಚಹಾ ಕುಡಿಯಲಿಕ್ಕೆ ಹೋಗಿದ್ದೆ. ಬಂದು ನೋಡುವಾಗ ಅಧ್ಯಕ್ಷರು ನನ್ನ ತೋಳು ಹಿಚುಕಿ, "ಪರವಾಗಿಲ್ಲ, ಆಗ್ತದೆ" ಎಂದರು.

"ಎಂತ ಆಗ್ತದೆ?" ಎಂದು ಕೇಳಿದೆ.

ಮಂಚದಲ್ಲಿ ಮಲಗಿದ್ದ ಭಾವ, "ನಿನ್ನ ಹೆಸರು ಕೊಟ್ಟೆ ಮಾರಾಯ" ಎಂದರು.

"ಭಾವ, ನಾನು ಜನ್ಮದಲ್ಲಿ ಯಾರಿಗೂ ಹೊಡೆದವನಲ್ಲ. ನಲವತ್ತು ದಾಟಿತು. ಮೂಗುಬಾಯಲ್ಲಿ ರಕ್ತ ಬಂದರೆ?"

ಭಾವ ತಮ್ಮ ಕೈಯಿಂದ ಯಂತ್ರಕ್ಕೆ ಹೋಗುವ ಕೆಂಪು ನಳಿಗೆಯನ್ನು ನೋಡಿದರು. "ನನ್ನದು ವಾರಕ್ಕೆ ಮೂರು ಸಲ ಹೊರಗೆ ಹೋಗಿ ಬರ್ತದೆ. ನಿನ್ನದು ಒಂದು ಸಲ ಹೋಗ್ಲಿ."

ಮೊದಲ ಪಾಠ

ತರಬೇತಿ ಕುದ್ರೋಳಿಯ ಒಂದು ಹಳೇ ಗೋದಾಮಿನಲ್ಲಿ. ಕೋಚ್ ಉಳ್ಳಾಲದವರು, ಮಿಲಿಟರಿಯಿಂದ ನಿವೃತ್ತರಾದವರು, ಮಾತು ಕಡಿಮೆ. ಮೊದಲ ವಾರ ಪೂರ್ತಿ ನನ್ನನ್ನು ಚಾಪೆಯ ಮೇಲೆ ಬೀಳಿಸಿದರು. ಹಿಂದಕ್ಕೆ ಬೀಳುವುದು, ಬದಿಗೆ ಬೀಳುವುದು, ತಲೆ ನೆಲಕ್ಕೆ ತಾಗದ ಹಾಗೆ ಬೀಳುವುದು. ಸೊಂಟ ಹಿಡಿದುಹೋಯಿತು.

ತಡೆಯಲಾರದೆ ಕೇಳಿದೆ, "ಸರ್, ಹೊಡೆಯುವುದು ಯಾವಾಗ ಕಲಿಸ್ತೀರಿ?"

ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಸಮಯ ಕಡಿಮೆ ಉಂಟು. ನಿಮಗೆ ಉಪಯೋಗಕ್ಕೆ ಬರುವುದನ್ನು ಮಾತ್ರ ಕಲಿಸುವುದು."

ಬೆಳಿಗ್ಗೆ ಉಳ್ಳಾಲದ ಕಡಲ ಬದಿಯಲ್ಲಿ ಓಡಬೇಕಿತ್ತು. ಹೊಯಿಗೆಯಲ್ಲಿ ಕಾಲು ಹೂತು, ಏದುಸಿರು ಬಿಡುತ್ತಾ ನಾನು ಹೋಗುವಾಗ, ಮೀನಿನ ಬುಟ್ಟಿ ಹಿಡಿದುಕೊಂಡಿದ್ದ ಹೆಂಗಸೊಬ್ಬರು ಗಾಬರಿಯಿಂದ ನನ್ನ ಹಿಂದೆ ನೋಡಿದರು. ಯಾರೂ ಇರಲಿಲ್ಲ. "ನಿಲ್ಲಿ ಅಣ್ಣ, ನಿಲ್ಲಿ. ಅಟ್ಟಿಸಿಕೊಂಡು ಬಂದವರೆಲ್ಲ ಹಿಂದೆ ಹೋಗಿ ಆಯಿತು" ಎಂದು ಸಮಾಧಾನ ಮಾಡಿದರು.

ಬಂಗುಡೆ

ತೂಕ ಇಳಿಸಬೇಕೆಂದು ಕೋಚ್ ನನಗೆ ಅನ್ನ, ಕರಿದದ್ದು, ಸಿಹಿ ಎಲ್ಲ ನಿಲ್ಲಿಸಿದರು. ಭಾವನಿಗೆ ಉಪ್ಪಿಲ್ಲ, ಬೊಂಡದ ಎಳನೀರು ಇಲ್ಲ, ಬಾಳೆಹಣ್ಣು ಇಲ್ಲ, ನೀರೂ ಲೆಕ್ಕದಲ್ಲಿ. ಅಕ್ಕನ ಮನೆಯಲ್ಲಿ ಮಧ್ಯಾಹ್ನ ನಾವಿಬ್ಬರೂ ಎದುರುಬದುರು ಕೂತು ಬೇಯಿಸಿದ ಸೋರೆಕಾಯಿ ತಿನ್ನುತ್ತಿದ್ದೆವು.

ಒಂದು ಆದಿತ್ಯವಾರ ಅಡುಗೆಮನೆಯಿಂದ ಬಂಗುಡೆ ಮೀನು ಕಾಯಿಸುವ ಪರಿಮಳ ಬಂತು. ಭಾವ ತಲೆ ಎತ್ತಿದರು. ನಾನೂ ಎತ್ತಿದೆ. ಅಕ್ಕ ಬಟ್ಟಲು ತುಂಬ ಕುಚ್ಚಲಕ್ಕಿ ಅನ್ನ, ಸಾರು, ಮಸಾಲೆ ಹಾಕಿ ಕಾಯಿಸಿದ ಎರಡು ದೊಡ್ಡ ಬಂಗುಡೆ ತಂದು ನಮ್ಮ ನಡುವೆಯೇ ಕೂತು ಉಣ್ಣಲಿಕ್ಕೆ ಶುರು ಮಾಡಿದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ. ಭಾವನಿಗೆ ಕಾಯಿಲೆ ಬಂದಲ್ಲಿಂದ ಅವಳು ನೆಟ್ಟಗೆ ಊಟ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಭಾವ ಮೆಲ್ಲಗೆ, "ನಮ್ಮ ಎದುರೇ ತಿನ್ನಬೇಕಾ?" ಎಂದರು.

ಅಕ್ಕ ಮುಳ್ಳು ತೆಗೆಯುತ್ತಾ ಹೇಳಿದಳು, "ನಿಮ್ಮಿಬ್ಬರನ್ನೂ ಎತ್ತಿಕೊಂಡು ಹೋಗ್ಲಿಕ್ಕೆ ಒಬ್ಬರಿಗಾದರೂ ಶಕ್ತಿ ಬೇಡವಾ?"

ಎದುರಾಳಿ

ನನ್ನ ಎದುರಾಳಿ ಯಾರೆಂದು ಗೊತ್ತಾದದ್ದು ವಾರ್ಡಿನಲ್ಲೇ. ಭಾವನಿಗೆ ಸೂಜಿ ಹಾಕುವ ಟೆಕ್ನಿಶಿಯನ್ನೇ! ಮೂವತ್ತರ ಹತ್ತಿರದ ಗಟ್ಟಿ ಆಳು, ಬಹಳ ಒಳ್ಳೆಯವ. "ಅಣ್ಣ, ನನಗೂ ಈಗಲೇ ಗೊತ್ತಾದದ್ದು" ಎಂದು ನಾಚಿಕೊಂಡ.

ಉಳಿದ ಮಂಚಗಳಲ್ಲಿದ್ದವರಿಗೆಲ್ಲ ಜೀವ ಬಂತು. ಪಕ್ಕದ ಮಂಚದ ನಿವೃತ್ತ ಮಾಸ್ಟ್ರು, "ನನ್ನ ಬೆಂಬಲ ಟೆಕ್ನಿಶಿಯನ್ನಿಗೆ" ಎಂದು ಘೋಷಿಸಿದರು. ಎಲ್ಲರದ್ದೂ ಅದೇ ಮಾತು. ನಾನು ಆಸೆಯಿಂದ ಭಾವನ ಮುಖ ನೋಡಿದೆ. ಟೆಕ್ನಿಶಿಯನ್ ಆಗ ಅವರ ಕೈಯ ನರ ಹುಡುಕುತ್ತಿದ್ದ.

"ನೋಡು," ಎಂದರು ಭಾವ, "ನೀನು ನನ್ನ ಹೆಂಡತಿಯ ತಮ್ಮ, ಪ್ರೀತಿ ಉಂಟು. ಆದರೆ ಸೂಜಿ ಅವನ ಕೈಯಲ್ಲಿ ಉಂಟಲ್ಲ."

ಮಾಸ್ಟ್ರ ಮನೆಯಲ್ಲಿ

ಪಂದ್ಯಕ್ಕೆ ಸ್ವಲ್ಪ ದಿನ ಮೊದಲು ಮಾಸ್ಟ್ರ ಮಂಚ ಖಾಲಿ ಇತ್ತು. ಪಾಳಿ ಒಂದು ದಿನ ಮುಂದಕ್ಕೆ ಹೋಗಿತ್ತು. ಅವರ ಹೃದಯ ಅಷ್ಟು ಕಾಯಲಿಲ್ಲ. ಟೆಕ್ನಿಶಿಯನ್ ಹಾಸಿಗೆಯ ಬಟ್ಟೆ ಬದಲಿಸಿದ, ಯಾರ ಮುಖವನ್ನೂ ನೋಡಲಿಲ್ಲ. ಆ ದಿನ ಭಾವ ಗೋಡೆಯ ಕಡೆಗೆ ತಿರುಗಿ ಮಲಗಿದರು. ಮನೆ ಬಾಗಿಲಲ್ಲಿ, "ಅವರಲ್ಲಿಗೆ ನೀನು ಹೋಗಿ ಬಾ" ಎಂದರು.

ಹೋದೆ. ಮಾಸ್ಟ್ರ ಹೆಂಡತಿ ಚಾಪೆಯಲ್ಲಿ ಕೂತಿದ್ದರು. ನನ್ನ ಕಣ್ಣಿನ ಕೆಳಗೆ ಅಭ್ಯಾಸದಲ್ಲಿ ಬಿದ್ದ ಪೆಟ್ಟಿನ ಕಪ್ಪು ನೋಡಿ, "ಬಾಕ್ಸಿಂಗಿನವರು ನೀವೇನಾ?" ಎಂದು ಕೇಳಿದರು. ಹೌದೆಂದೆ. ಎರಡೂ ಕೈ ಹಿಡಿದುಕೊಂಡರು.

"ದಿನಾ ನಿಮ್ಮದೇ ಸುದ್ದಿ ಹೇಳ್ತಿದ್ದರು. ಪಂದ್ಯ ನೋಡ್ಲೇಬೇಕು ಅಂತ ಇತ್ತು."

ನಾನು ಹತ್ತಿರ ಕೂತೆ. "ಎಂತ ಹೇಳ್ತಿದ್ದರಮ್ಮ?"

ಅವರು ಕಣ್ಣೊರೆಸಿಕೊಂಡರು. "ನೀವು ಖಂಡಿತ ಸೋಲ್ತೀರಿ ಅಂತ."

ಪಂದ್ಯ

ಹಾಲ್ ತುಂಬಿತ್ತು. ಭಾವನನ್ನು ವೀಲ್‌ಚೇರಿನಲ್ಲಿ ಮುಂದಿನ ಸಾಲಿಗೆ ತಂದು ಅಕ್ಕ ಪಕ್ಕದಲ್ಲಿ ಕೂತಳು.

ಮೊದಲ ರೌಂಡಿನಲ್ಲಿ ಟೆಕ್ನಿಶಿಯನ್ನಿಗೆ ವಾರ್ಡಿನ ಅಭ್ಯಾಸ ಬಿಡಲಿಲ್ಲ. ಪ್ರತಿ ಸಲ ಹೊಡೆಯುವ ಮೊದಲು ಹಲ್ಲಿನ ಗಾರ್ಡಿನೊಳಗಿಂದಲೇ, "ಸ್ವಲ್ಪ ನೋವಾಗ್ತದೆ ಅಣ್ಣ" ಎನ್ನುತ್ತಿದ್ದ. ಆಮೇಲೆ ನಿಜವಾಗಿಯೂ ನೋವಾಗುತ್ತಿತ್ತು.

ಎರಡನೇ ರೌಂಡಿನಲ್ಲಿ ನನಗೆ ಎಂತ ಆಯಿತೋ. ಮಾಸ್ಟ್ರ ಖಾಲಿ ಮಂಚ, ಅಕ್ಕನ ಬಟ್ಟಲು, ಭಾವ ಗೋಡೆಗೆ ತಿರುಗಿ ಮಲಗಿದ್ದು, ಎಲ್ಲ ಒಟ್ಟಿಗೆ ತೋಳಿಗೆ ಬಂತು. ಯಾರಿಗೆ ಹೊಡೆಯಬೇಕೆಂದು ಗೊತ್ತಿರಲಿಲ್ಲ. ಎದುರಿಗೆ ಅವನಿದ್ದ, ಹೊಡೆದೆ. ಅವನು ಕೂತುಬಿಟ್ಟ. ನನ್ನ ಜೀವಮಾನದ ಒಂದೇ ಒಂದು ಸರಿಯಾದ ಪೆಟ್ಟು ಅದು. ಡಯಾಲಿಸಿಸ್ ರೋಗಿಗಳ ಮನೆಯವರೆಲ್ಲ ಒಟ್ಟಿಗೆ ಎದ್ದು ನಿಂತು ನನಗೆ ಬೈಯಲಿಕ್ಕೆ ಶುರು ಮಾಡಿದರು. ಎಲ್ಲರಿಗಿಂತ ದೊಡ್ಡ ಸ್ವರ ಭಾವನದ್ದು.

ಮೂರನೇ ರೌಂಡಿನಲ್ಲಿ ಟೆಕ್ನಿಶಿಯನ್ ಏನೂ ಹೇಳದೆ ನನ್ನ ಮೂಗು ಮುರಿದ. ಗೆದ್ದವನು ಅವನೇ. ರೆಫ್ರಿ ಅವನ ಕೈ ಎತ್ತಿದಾಗ ಅವನು ಅಳುತ್ತಿದ್ದ, ನಾನು ರಕ್ತ ಉಗುಳುತ್ತಿದ್ದೆ. ಯಂತ್ರ ಮಳೆಗಾಲದಲ್ಲಿ ಬಂತು. ಭಾವನಿಗೆ ಅದರ ಉಪಯೋಗ ಸ್ವಲ್ಪವೇ ಸಮಯ ಸಿಕ್ಕಿತು.

ಕ್ಯಾಜುವಾಲ್ಟಿ

ಹಾಲಿನಿಂದ ಸೀದಾ ಹತ್ತಿರದ ಒಂದು ಆಸ್ಪತ್ರೆಗೆ ಹೋದೆವು. ಭಾವನನ್ನು ಹೊರಗೆ ಬಿಡುವ ಹಾಗಿರಲಿಲ್ಲ, ಆದ್ದರಿಂದ ನಾನೇ ಒಂದು ಕೈಯಲ್ಲಿ ಮೂಗಿಗೆ ಟವೆಲ್ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಅವರ ವೀಲ್‌ಚೇರ್ ತಳ್ಳಿಕೊಂಡು ಒಳಗೆ ಹೋದೆ. ಅಕ್ಕ ಹಿಂದಿನಿಂದ ಬಂದಳು. "ಬಾಕ್ಸಿಂಗ್ ಕೇಸ್" ಎಂದು ನರ್ಸ್ ಒಳಗೆ ಕೂಗಿ ಹೇಳಿದರು.

ಓಡಿ ಬಂದ ಎಳೆಯ ಡಾಕ್ಟರ್ ನನ್ನನ್ನು ದಾಟಿ ಸೀದಾ ಭಾವನ ಎದುರು ಮೊಣಕಾಲೂರಿ ಕೂತರು. ಊದಿದ ಮುಖ, ಕಣ್ಣಿನ ಸುತ್ತ ಕಪ್ಪು, ತೋಳಿನಲ್ಲಿ ಡಯಾಲಿಸಿಸ್ ಸೂಜಿಯ ಪ್ಲಾಸ್ಟರ್ ನೋಡಿ ಅವರ ಬಣ್ಣವೇ ಹೋಯಿತು.

"ಅಯ್ಯೋ, ಈ ಪ್ರಾಯದಲ್ಲಿ! ಎಷ್ಟು ಹೊತ್ತು ಆಡಿದ್ರಿ?"

ಭಾವ ನನ್ನ ಕಡೆ ಒಮ್ಮೆ ನೋಡಿ, ಗಂಭೀರವಾಗಿ ಹೇಳಿದರು, "ಮೂರು ವರ್ಷ ಆಯ್ತು ಡಾಕ್ಟ್ರೇ. ಇನ್ನೂ ಮುಗಿದಿಲ್ಲ."

"ಮೂರು ವರ್ಷವಾ? ಎದುರಾಳಿ ಯಾರು?"

ಭಾವ ಅಕ್ಕನ ಕಡೆ ಬೆರಳು ತೋರಿಸಿದರು. ಡಾಕ್ಟರ್ ತಿರುಗಿ ನೋಡಿದರು. ಬಾಗಿಲಲ್ಲಿ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ನನ್ನ ಕೈಯಿಂದ ಬಿಚ್ಚಿದ ಗ್ಲೌಸ್ ಅವಳ ಎರಡು ಕೈಯಲ್ಲಿತ್ತು, ಅದರ ಮೇಲೆ ಹಸಿ ರಕ್ತ.

ಡಾಕ್ಟರ್ ಮೆಲ್ಲಗೆ ಎದ್ದು, ವೀಲ್‌ಚೇರನ್ನು ಅವಳಿಂದ ದೂರ ಎಳೆದುಕೊಂಡು, ನರ್ಸಿಗೆ ಹೇಳಿದರು:

"ಸಿಸ್ಟರ್, ಪೊಲೀಸ್ ಔಟ್‌ಪೋಸ್ಟಿಗೆ ಒಂದು ಫೋನ್ ಮಾಡಿ."